ಅಚ್ಚು ಎಣಿಸಿ ಬೆಳ್ಳಿ ಅಳೆಯುವುದು: ಗ್ರೀಕ್ ನಾಣ್ಯಗಳ ಲೆಕ್ಕಕ್ಕೆ ಯಾವ ಸೂತ್ರ, ಯಾವ ಗುಣಕ?

ಸಂಕ್ರಾಂತಿಯ ಸಂಜೆ ಬೀದಿಯ ಎಳ್ಳುಬೆಲ್ಲವೆಲ್ಲ ಮನೆಗೆ ಬಂದು ಮುಗಿದ ಮೇಲೆ ಸಕ್ಕರೆ ಅಚ್ಚುಗಳನ್ನು ಒಂದೇ ತಟ್ಟೆಗೆ ಸುರಿದು ನೋಡಿ. ಬಾಲದ ತುದಿ ಚೂರು ಹಾರಿದ ಗಿಳಿ ಮೂರು ಸಿಕ್ಕರೆ, ಮೂರೂ ಒಂದೇ ಮರದ ಅಚ್ಚಿನಿಂದ ಎದ್ದುಬಂದವು ಎಂದು ಗೊತ್ತಾಗುತ್ತದೆ. ಬಂದ ಮೂವತ್ತೂ ಬೇರೆ ಬೇರೆ ಅಚ್ಚಿನವಾಗಿದ್ದರೆ, ನಾವು ಕಾಣದ ಅಚ್ಚುಗಳು ಆ ಬೀದಿಯಲ್ಲಿ ಇನ್ನೂ ಬೇಕಾದಷ್ಟಿವೆ. ಅವೇ ಆರೇಳು ಮತ್ತೆ ಮತ್ತೆ ಬಂದಿದ್ದರೆ, ಕಾಣದೆ ಉಳಿದಿರುವುದು ಹೆಚ್ಚೇನಿಲ್ಲ. ಪ್ರಾಚೀನ ಗ್ರೀಕ್ ನಗರವೊಂದು ಎಷ್ಟು ಬೆಳ್ಳಿ ನಾಣ್ಯ ಹೊಡೆಯಿತು ಎಂದು ಅಂದಾಜು ಮಾಡುವ ಕೆಲಸದ ಮೊದಲ ಅರ್ಧ ಇಷ್ಟೇ. ಉಳಿದ ಅರ್ಧ, ಒಂದೊಂದು ಅಚ್ಚು ಎಷ್ಟು ನಾಣ್ಯ ಕೊಟ್ಟು ಸತ್ತಿತು ಎಂಬ ಪ್ರಶ್ನೆ. ಜಗಳವೆಲ್ಲ ಅಲ್ಲಿದೆ.

ಅಚ್ಚುಗಳ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು, ಮುಂದೇನು ಮಾಡಬೇಕು, ಯಾವ ಸೂತ್ರ ಹಚ್ಚಬೇಕು ಎಂದು ತಡವರಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಸೂತ್ರದ ಆಯ್ಕೆಗೆ ಜನ ಕೊಡುವ ತಲೆನೋವಿನ ಮುಕ್ಕಾಲು ಪಾಲು ವ್ಯರ್ಥ. ಆ ಶ್ರಮ ಮಾದರಿಯನ್ನು, ಅಂದರೆ ಎಣಿಸಲು ಕೂಡಿಸಿಕೊಂಡ ನಾಣ್ಯಗಳ ಗುಂಪನ್ನು, ಶುದ್ಧಗೊಳಿಸುವುದಕ್ಕೆ ಹೋಗಬೇಕು.

ಎಣಿಸಬೇಕಾದದ್ದು ಯಾವ ಅಚ್ಚು?

ಕಮ್ಮಟ ಎಂದರೆ ನಮಗೀಗ ಕಾವ್ಯ ಕಮ್ಮಟ, ಕಥಾ ಕಮ್ಮಟ. ಹಳೆಯ ಕನ್ನಡದಲ್ಲಿ ಅದು ನಾಣ್ಯ ಹೊಡೆಯುವ ಟಂಕಸಾಲೆ. ಇಲ್ಲಿ ಆ ಅರ್ಥದಲ್ಲೇ ಬಳಸುತ್ತೇನೆ. ಗ್ರೀಕ್ ಕಮ್ಮಟದಲ್ಲಿ ಮುಮ್ಮುಖದ ಅಚ್ಚು ಅಡಿಗಲ್ಲಿನಲ್ಲಿ ಭದ್ರವಾಗಿ ಕೂತಿರುತ್ತಿತ್ತು. ಅದರ ಮೇಲೆ ಬೆಳ್ಳಿಯ ಬಿಲ್ಲೆ, ಬಿಲ್ಲೆಯ ಮೇಲೆ ಕೈಯಲ್ಲಿ ಹಿಡಿದ ಹಿಮ್ಮುಖದ ಅಚ್ಚು, ಅದರ ನೆತ್ತಿಗೆ ಸುತ್ತಿಗೆಯ ಏಟು. ಏಟು ನೇರವಾಗಿ ಬೀಳುವುದು ಮೇಲಿನದರ ಮೇಲೆ, ಆದ್ದರಿಂದ ಅದು ಬೇಗ ಸೀಳುತ್ತದೆ. ಕೆಳಗಿನದು ಅಡಿಗಲ್ಲಿನ ಆಸರೆಯಲ್ಲಿ ಹೆಚ್ಚು ಕಾಲ ಬಾಳುತ್ತದೆ. ಒಂದು ಮುಮ್ಮುಖ ಅಚ್ಚು ಸವೆಯುವುದರೊಳಗೆ ಎರಡು ಮೂರು ಹಿಮ್ಮುಖ ಅಚ್ಚುಗಳು ಬದಲಾಗುವುದು ಅಪರೂಪವೇನಲ್ಲ.

ಉತ್ಪಾದನೆಯ ಲೆಕ್ಕಕ್ಕೆ ಮುಮ್ಮುಖವನ್ನೇ ಹಿಡಿಯಿರಿ. ಅಚ್ಚಿಗೆ ಇಷ್ಟು ನಾಣ್ಯ ಎಂದು ವಿದ್ವಾಂಸರು ಹೇಳುವ ಸಂಖ್ಯೆಗಳೆಲ್ಲ ಮುಮ್ಮುಖ ಅಚ್ಚನ್ನೇ ಕುರಿತವು. ಈಜಿನಾ ದ್ವೀಪದ ಹಳೆಯ ಆಮೆ ನಾಣ್ಯಗಳಂಥವುಗಳಲ್ಲಂತೂ ಹಿಮ್ಮುಖದಲ್ಲಿರುವುದು ಬರಿಯ ಗುಳಿಬಿದ್ದ ಚೌಕ. ಎರಡು ಗುಳಿಗಳು ಒಂದೇ ಅಚ್ಚಿನವೇ ಎಂದು ಹೇಳಲು ಕಣ್ಣು ಸೋಲುತ್ತದೆ. ಹಾಗೆಂದು ಹಿಮ್ಮುಖವನ್ನು ಕಡೆಗಣಿಸಬೇಕಿಲ್ಲ. ಯಾವುದರ ನಂತರ ಯಾವುದು ಬಂತು, ಎಷ್ಟು ಅಡಿಗಲ್ಲುಗಳು ಏಕಕಾಲಕ್ಕೆ ಕೆಲಸ ಮಾಡುತ್ತಿದ್ದವು ಎಂಬುದು ಮುಮ್ಮುಖ ಮತ್ತು ಹಿಮ್ಮುಖಗಳ ಜೋಡಣೆಯಿಂದಲೇ ತಿಳಿಯುವುದು.

ಸೂತ್ರಗಳನ್ನು ಎದುರುಬದುರು ಕೂರಿಸಿದರೆ

ಬೇಕಾದ ಸಂಖ್ಯೆಗಳು ಮೂರೇ: ನೋಡಿದ ನಾಣ್ಯಗಳೆಷ್ಟು, ಅವುಗಳಲ್ಲಿ ಗುರುತಿಸಿದ ಅಚ್ಚುಗಳೆಷ್ಟು, ಒಂದೇ ಒಂದು ನಾಣ್ಯದಲ್ಲಿ ಮಾತ್ರ ಕಂಡ ಒಂಟಿ ಅಚ್ಚುಗಳೆಷ್ಟು. ಹೋಲಿಕೆಗಾಗಿ ಎರಡು ಕಾಲ್ಪನಿಕ ಪಟ್ಟಿಗಳನ್ನು ಮಾಡಿಕೊಳ್ಳೋಣ. ಮೊದಲನೆಯದರಲ್ಲಿ 120 ನಾಣ್ಯ, 40 ಅಚ್ಚು, 12 ಒಂಟಿ. ಎರಡನೆಯದು ಬಡ ಪಟ್ಟಿ: 30 ನಾಣ್ಯ, 24 ಅಚ್ಚು, 19 ಒಂಟಿ.

ಎಲ್ಲ ಅಚ್ಚುಗಳೂ ಸಮನಾಗಿ ದುಡಿದವು ಎಂದುಕೊಳ್ಳುವುದು ಅತ್ಯಂತ ಸರಳ ಊಹೆ. ಅದರಂತೆ ಮೊದಲ ಪಟ್ಟಿಯ ಹಿಂದಿದ್ದ ಮೂಲ ಅಚ್ಚುಗಳು ಸುಮಾರು 42, ಎರಡನೆಯದರ ಹಿಂದೆ 65. ಈ ಊಹೆ ಯಾವ ಕಮ್ಮಟಕ್ಕೂ ಹೊಂದುವುದಿಲ್ಲ. ಒಂದು ಅಚ್ಚು ಮೊದಲ ದಿನವೇ ಸೀಳುತ್ತದೆ, ಇನ್ನೊಂದು ತಿಂಗಳುಗಟ್ಟಲೆ ಬಾಳುತ್ತದೆ. ಹಾಗಾಗಿ ಈ ದಾರಿಯಲ್ಲಿ ಬರುವ ಸಂಖ್ಯೆ ಯಾವಾಗಲೂ ಕಡಿಮೆ. ಕನಿಷ್ಠ ಮಿತಿ ಎಂದು ಇಟ್ಟುಕೊಳ್ಳಬಹುದು, ಉತ್ತರ ಎಂದಲ್ಲ.

ರಸಾಯನಶಾಸ್ತ್ರಜ್ಞ ಜೈಲ್ಸ್ ಕಾರ್ಟರ್ 1983ರಲ್ಲಿ ಪ್ರಕಟಿಸಿದ ಸೂತ್ರ ಅಚ್ಚುಗಳ ಆಯುಸ್ಸಿನಲ್ಲಿ ಒಂದಿಷ್ಟು ಏರುಪೇರನ್ನು ಒಪ್ಪಿಕೊಳ್ಳುತ್ತದೆ. ನಾಣ್ಯ ಮತ್ತು ಅಚ್ಚುಗಳ ಅನುಪಾತಕ್ಕೆ ತಕ್ಕಂತೆ ಅದರ ಗುಣಾಂಕಗಳು ಬದಲಾಗುತ್ತವೆ. ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು ಎಂಬ ಕಾರಣಕ್ಕೆ ನಾಣ್ಯಶಾಸ್ತ್ರಜ್ಞರು ಅದನ್ನು ಬಹಳ ವರ್ಷ ಅಪ್ಪಿಕೊಂಡರು. ನಮ್ಮ ಪಟ್ಟಿಗಳಿಗೆ ಅದು ಕೊಡುವುದು 51 ಮತ್ತು 94.

ಮೂರನೆಯ ದಾರಿ ಗಣಿತಜ್ಞ ವಾರೆನ್ ಎಸ್ಟಿ ಅವರದು. 1980ರ ದಶಕದಿಂದ ಈ ಸೂತ್ರಗಳನ್ನೆಲ್ಲ ಒರೆಗೆ ಹಚ್ಚಿದವರು ಅವರೇ. ಅವರು 2006ರಲ್ಲಿ ಕೊಟ್ಟ ಸೂತ್ರದ ಬೇರು ಅಲನ್ ಟ್ಯೂರಿಂಗ್ ಅವರ ಒಂದು ಹೊಳಹಿನಲ್ಲಿದೆ. ಅದನ್ನು ಐ. ಜೆ. ಗುಡ್ 1953ರಲ್ಲಿ ಪ್ರಕಟಿಸಿದರು. ಒಂಟಿಗಳನ್ನು ಒಟ್ಟು ನಾಣ್ಯಗಳಿಂದ ಭಾಗಿಸಿ ಒಂದರಲ್ಲಿ ಕಳೆಯಿರಿ, ಬಂದದ್ದು ‘ವ್ಯಾಪ್ತಿ’. ಮೊದಲ ಪಟ್ಟಿಯ ವ್ಯಾಪ್ತಿ ನೂರಕ್ಕೆ 90, ಎರಡನೆಯದರದು ನೂರಕ್ಕೆ 37. ಕಂಡ ಅಚ್ಚುಗಳನ್ನು ವ್ಯಾಪ್ತಿಯಿಂದ ಭಾಗಿಸಿ, ಒಂಟಿಗಳ ಪಾಲಿಗೆ ತಕ್ಕ ತಿದ್ದುಪಡಿ ಸೇರಿಸಿದರೆ ಸಿಗುವುದು 51 ಮತ್ತು 91. ಕಾರ್ಟರ್ ಸೂತ್ರದ ಉತ್ತರಕ್ಕೆ ಹೆಚ್ಚುಕಡಿಮೆ ಅಂಟಿಕೊಂಡೇ ಇದೆ ನೋಡಿ.

ಎಸ್ಟಿ 2011ರಲ್ಲಿ ಮುಂದಿಟ್ಟದ್ದು ಇನ್ನೂ ಸರಳ. ನಾಣ್ಯಗಳನ್ನು ಅಚ್ಚುಗಳಿಂದ ಗುಣಿಸಿ, ನಾಣ್ಯಗಳಲ್ಲಿ ಅಚ್ಚುಗಳನ್ನು ಕಳೆದು ಉಳಿದದ್ದರಿಂದ ಭಾಗಿಸಿ. ಅಚ್ಚು ಯಾವ ಏಟಿಗಾದರೂ ಸೀಳಬಹುದು, ಹಳೆಯದಕ್ಕೂ ಹೊಸದಕ್ಕೂ ಅಪಾಯ ಒಂದೇ ಎಂಬ ನಂಬಿಕೆ ಇದರ ತಳದಲ್ಲಿದೆ. ಉತ್ತರ 60 ಮತ್ತು 120.

ಮೊದಲ ಪಟ್ಟಿಗೆ ಉತ್ತರಗಳು 42ರಿಂದ 60ರವರೆಗೆ, ಎರಡನೆಯದಕ್ಕೆ 65ರಿಂದ 120ರವರೆಗೆ ಚದುರಿವೆ. ಇವುಗಳಲ್ಲಿ ಒಂದನ್ನು ಆರಿಸಲು ನನ್ನನ್ನು ಕೇಳಿದರೆ, ಅಚ್ಚಿಗೆ ಸರಾಸರಿ ಮೂರು ನಾಣ್ಯ ಸಿಕ್ಕಿರುವ ಪಟ್ಟಿಗೆ, ಸಮ ಅಚ್ಚುಗಳ ಊಹೆಯೊಂದನ್ನು ಬಿಟ್ಟು, ಯಾವುದನ್ನು ಹಾಕಿದರೂ ಅಡ್ಡಿಯಿಲ್ಲ ಎನ್ನುತ್ತೇನೆ. ಎಸ್ಟಿ ಅವರ 2011ರ ಸೂತ್ರ ನೆನಪಿನಲ್ಲಿ ಉಳಿಯುತ್ತದೆ, ಅದನ್ನೇ ಹಾಕಿ. ಅಚ್ಚಿಗೆ ಎರಡು ನಾಣ್ಯವೂ ದಕ್ಕದ ಪಟ್ಟಿಗೆ ಯಾವ ಸೂತ್ರವನ್ನೂ ಒಂಟಿಯಾಗಿ ನಂಬಬೇಡಿ. ಹಳೆಯ ಅಧ್ಯಯನಗಳು ಕಾರ್ಟರ್ ಸೂತ್ರದಲ್ಲಿರುವುದರಿಂದ ಅವುಗಳ ಜೊತೆ ಹೋಲಿಸುವಾಗ ಮಾತ್ರ ಕಾರ್ಟರ್‌ಗೆ ಮರಳಬೇಕಾಗುತ್ತದೆ. ಸೇಬಿಗೆ ಸೇಬು.

ಇಲ್ಲೊಂದು ಸೂಕ್ಷ್ಮವಿದೆ. ಬೇಗ ಸೀಳಿಹೋದ ಅಚ್ಚುಗಳು ಕೊಟ್ಟ ನಾಣ್ಯ ಕಡಿಮೆ, ಹಾಗಾಗಿ ಇಂದು ನಮ್ಮ ಕಣ್ಣಿಗೆ ಬೀಳುವ ಸಂಭವವೂ ಕಡಿಮೆ. ‘ಅಚ್ಚುಗಳು ಎಷ್ಟಿದ್ದವು’ ಎಂಬ ಪ್ರಶ್ನೆಗೆ ಅವುಗಳಿಂದಲೇ ಗೊಂದಲ. ಆದರೆ ‘ಬೆಳ್ಳಿ ಎಷ್ಟು ಹೊರಬಿತ್ತು’ ಎಂಬ ಪ್ರಶ್ನೆಗೆ ಅವು ಬಹುತೇಕ ಅಪ್ರಸ್ತುತ, ಏಕೆಂದರೆ ಅವು ಹೊರಹಾಕಿದ್ದೇ ಅಲ್ಪ. ವ್ಯಾಪ್ತಿ ಹೇಳುವುದು ಅಚ್ಚುಗಳ ಮಾತನ್ನಲ್ಲ, ನಾಣ್ಯಗಳ ಮಾತನ್ನು: ಅಂದು ಹೊಡೆದ ನಾಣ್ಯಗಳಲ್ಲಿ ನೂರಕ್ಕೆ 90ರಷ್ಟು ನಾವು ಈಗಾಗಲೇ ಕಂಡಿರುವ ಅಚ್ಚುಗಳಿಂದಲೇ ಬಂದವು ಎಂದು. ಅರ್ಥವ್ಯವಸ್ಥೆಯ ಬಗ್ಗೆ ಬರೆಯುವವರಿಗೆ ಬೇಕಾದ ಸಂಖ್ಯೆ ಇದು. ಎಷ್ಟೋ ಲೇಖನಗಳಲ್ಲಿ ಇದನ್ನು ಮುದ್ರಿಸುವುದೇ ಇಲ್ಲ ಎಂಬುದು ನನ್ನ ಹಳೆಯ ದೂರು.

ಒಂದು ಕಣ್ತಪ್ಪಿನ ಬೆಲೆ

ಎರಡನೆಯ ಪಟ್ಟಿಯಲ್ಲಿ ಒಂದೇ ಒಂದು ತಪ್ಪು ನಡೆದಿದೆ ಎಂದುಕೊಳ್ಳಿ: ಒಂದೇ ಅಚ್ಚಿನವು ಎಂದು ಜೋಡಿ ಹಾಕಿದ್ದ ಎರಡು ನಾಣ್ಯಗಳು ಬೇರೆ ಬೇರೆ ಅಚ್ಚಿನವಾಗಿದ್ದವು. ಅಚ್ಚುಗಳು 24 ಹೋಗಿ 25 ಆಗುತ್ತವೆ, ಅಷ್ಟೇ. 2011ರ ಸೂತ್ರದ ಉತ್ತರ 120ರಿಂದ 150ಕ್ಕೆ ಜಿಗಿಯುತ್ತದೆ! ಮೊದಲ ಪಟ್ಟಿಯಲ್ಲಿ ಅದೇ ತಪ್ಪು ನಡೆದರೆ 60 ಇದ್ದದ್ದು 62 ಆಗುತ್ತದೆ. ಸೂತ್ರಗಳ ನಡುವಿನ ವ್ಯಾಜ್ಯಕ್ಕಿಂತ ಭೂತಗನ್ನಡಿಯ ಕೆಳಗಿನ ಒಂದು ನಿರ್ಧಾರ ದೊಡ್ಡದಾಗುವುದು ಹೀಗೆ. ಅಚ್ಚು ಸವೆದಂತೆ ಕೂದಲ ಎಳೆಗಳು ಮಸುಕಾಗುತ್ತವೆ, ಬಿರುಕು ಬೆಳೆಯುತ್ತದೆ, ಕೆಲವೊಮ್ಮೆ ಕೆತ್ತುವವನೇ ಹಳೆಯ ಅಚ್ಚನ್ನು ಮತ್ತೆ ಕೆತ್ತಿ ಹುರಿಗೊಳಿಸುತ್ತಾನೆ. ಒಂದು ಅಚ್ಚಿನ ಬಾಲ್ಯ ಮತ್ತು ಮುಪ್ಪನ್ನು ಎರಡು ಅಚ್ಚುಗಳೆಂದು ಬರೆದುಕೊಳ್ಳುವುದು ಬಹಳ ಸುಲಭ. ಕಂಪ್ಯೂಟರ್ ಈಗ ಛಾಯಾಚಿತ್ರಗಳನ್ನು ಗುಂಪು ಮಾಡಿಕೊಡುತ್ತದೆ, ಸಾವಿರಾರು ಜೋಡಿಗಳನ್ನು ಜಾಲಾಡುವ ಕೂಲಿ ತಪ್ಪುತ್ತದೆ. ಆದರೆ ಕೊನೆಯ ಮಾತನ್ನು ಕಣ್ಣೇ ಹೇಳಬೇಕು.

ಮಾದರಿ ಎಲ್ಲಿಂದ ಬಂತು ಎಂಬುದು ಇದಕ್ಕಿಂತಲೂ ಕಠಿಣ. ಸೂತ್ರಗಳೆಲ್ಲ ನಾಣ್ಯಗಳು ಕಣ್ಣುಮುಚ್ಚಿ ಆರಿಸಿದಂತೆ ಬಂದಿವೆ ಎಂದು ನಂಬುತ್ತವೆ. ವಸ್ತುಸಂಗ್ರಹಾಲಯಗಳು ಹಾಗೆ ಆರಿಸುವುದಿಲ್ಲ. ಒಂದೇ ಥರದ್ದು ಎರಡು ಏಕೆ ಎಂದು ವೈವಿಧ್ಯವನ್ನು ಹುಡುಕುತ್ತವೆ, ಹಾಗಾಗಿ ಅಚ್ಚುಗಳ ಸಂಖ್ಯೆ ಉಬ್ಬುತ್ತದೆ. ಹೂಳಿಟ್ಟ ನಿಧಿಯದು ಇದರ ತಿರುಗುಮುರುಗು: ಕಮ್ಮಟದಿಂದ ಬಿಸಿಬಿಸಿಯಾಗಿ ಬಂದ ಚೀಲವೊಂದು ನೇರ ಮಣ್ಣಿಗೆ ಹೋಗಿದ್ದರೆ ಅದರಲ್ಲಿ ಒಂದೇ ಅಚ್ಚಿನ ನಾಣ್ಯಗಳು ರಾಶಿ ಬಿದ್ದಿರುತ್ತವೆ, ಅಂದಾಜು ಕುಸಿಯುತ್ತದೆ. ಟರ್ಕಿಯ ಎಲ್ಮಲಿ ಬಳಿ 1984ರಲ್ಲಿ ಅಗೆದು ಕಳ್ಳಸಾಗಣೆ ಮಾಡಿದ ಸುಮಾರು 1,900 ನಾಣ್ಯಗಳ ನಿಧಿಯನ್ನು ನೆನೆಯಿರಿ. ಅಥೆನ್ಸಿನ ಹತ್ತು ಡ್ರಾಕ್ಮಾ (ಡ್ರಾಕ್ಮಾ ಎಂದರೆ ಗ್ರೀಕರ ಹಣದ ಏಕಮಾನ) ನಾಣ್ಯಗಳು ಅದರಲ್ಲಿ ಒಂದು ಡಜನ್‌ಗಿಂತ ಹೆಚ್ಚಿದ್ದವು. ಅದುವರೆಗೆ ಜಗತ್ತಿಗೆ ತಿಳಿದಿದ್ದವೂ ಹೆಚ್ಚುಕಡಿಮೆ ಅಷ್ಟೇ. ಒಂದು ಮಡಕೆ ಇಡೀ ಪಟ್ಟಿಯ ತೂಕವನ್ನು ಬದಲಿಸಿಬಿಟ್ಟಿತು. ಇಂಥ ಕಡೆ ನಿಧಿಯೊಂದಿಗೆ ಒಮ್ಮೆ, ನಿಧಿಯಿಲ್ಲದೆ ಒಮ್ಮೆ ಲೆಕ್ಕ ಮಾಡಿ, ಎರಡನ್ನೂ ತೋರಿಸಿ.

ಹರಾಜಿನ ಕ್ಯಾಟಲಾಗ್‌ಗಳಿಂದ ಚಿತ್ರ ಕೂಡಿಸುವವರಿಗೆ ಒಂದು ಎಚ್ಚರಿಕೆ, ಅನುಭವದ್ದು. ಒಮ್ಮೆ ನನ್ನ ಪಟ್ಟಿಯಲ್ಲಿ ಒಂದೇ ಅಚ್ಚುಜೋಡಿಯ ಮೂರು ನಾಣ್ಯ ಸಿಕ್ಕವೆಂದು ಹಿಗ್ಗಿದ್ದೆ. ಅಂಚಿನಲ್ಲಿದ್ದ ಗೀರು ಮೂರರಲ್ಲೂ ಒಂದೇ ಜಾಗದಲ್ಲಿ ಕಂಡಾಗಲೇ ಗೊತ್ತಾದದ್ದು, ಅದು ಒಂದೇ ನಾಣ್ಯ, ಮೂರು ಸಲ ಮಾಲೀಕ ಬದಲಾಗಿತ್ತು ಎಂದು. ತೂಕವನ್ನು ದಶಾಂಶದವರೆಗೆ ಬರೆದಿಟ್ಟುಕೊಂಡಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಅಚ್ಚಿಗೆ ಎಷ್ಟು ನಾಣ್ಯ?

ಇಲ್ಲಿರುವ ಆಯ್ಕೆಗಳು ಒಂದಕ್ಕೊಂದು ಮುಖ ತಿರುಗಿಸಿ ನಿಂತಿವೆ.

ಪ್ರಯೋಗದ ದಾರಿ ಡೇವಿಡ್ ಸೆಲ್‌ವುಡ್ ಅವರದು. ಇಂಜಿನಿಯರ್ ಆಗಿದ್ದ ಅವರು ತಾವೇ ಅಚ್ಚು ಮಾಡಿ, ಬಿಲ್ಲೆ ಕಾಯಿಸಿ, ಸುತ್ತಿಗೆ ಹಿಡಿದು ಹೊಡೆದು ನೋಡಿ 1963ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಮ್ಮುಖ ಅಚ್ಚಿಗೆ ಅವರು ಮುಟ್ಟಿದ ಅಂದಾಜು ಹತ್ತು ಸಾವಿರದಿಂದ ಹದಿನಾರು ಸಾವಿರ. ಲೋಹ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ಇಲ್ಲ. ಆದರೆ ಬಿರುಕು ಬಿಟ್ಟ ಅಚ್ಚನ್ನು ಎಲ್ಲಿಯವರೆಗೆ ಎಳೆಯಬೇಕು ಎಂದು ತೀರ್ಮಾನಿಸುತ್ತಿದ್ದವನು ಕಮ್ಮಟದ ಮೇಲ್ವಿಚಾರಕ, ಲೋಹವಲ್ಲ. ಸಿಸಿಲಿಯ ಸಿರಕ್ಯೂಸ್ ನಗರದ ಸುಂದರ ಹತ್ತು ಡ್ರಾಕ್ಮಾ ನಾಣ್ಯಗಳಲ್ಲೇ ಬಿರುಕು ಮೂಡಿದ ಅಚ್ಚಿನಿಂದ ಹೊಡೆದವು ಎಷ್ಟೋ ಇವೆ.

ದಾಖಲೆಯ ದಾರಿ ಡೆಲ್ಫಿಗೆ ಹೋಗುತ್ತದೆ. ಅಲ್ಲಿನ ನೆರೆನಾಡಾದ ಫೋಕಿಸ್‌ನವರು ಅಪೊಲೊ ದೇವಾಲಯದ ಭಂಡಾರಕ್ಕೆ ಕೈಹಾಕಿ ಯುದ್ಧ ನಡೆಸಿದರು, ಕ್ರಿ.ಪೂ. 346ರಲ್ಲಿ ಸೋತರು, ಕಂತುಗಳಲ್ಲಿ ದಂಡ ತೆತ್ತರು. ಕ್ರಿ.ಪೂ. 336ರ ಹೊತ್ತಿಗೆ ದೇವಾಲಯವನ್ನು ನೋಡಿಕೊಳ್ಳುತ್ತಿದ್ದ ಆಂಫಿಕ್ಟಿಯಾನ್ ಒಕ್ಕೂಟ ಕೈಯಲ್ಲಿದ್ದ ಬಗೆಬಗೆಯ ನಾಣ್ಯಗಳನ್ನು ಕರಗಿಸಿ ತನ್ನದೇ ಹೊಸ ನಾಣ್ಯ ಹೊಡೆಸಿತು. ಲೆಕ್ಕವನ್ನು ಕಲ್ಲಿನ ಮೇಲೆ ಕೆತ್ತಿಸಿತು ಎಂಬುದು ನಮ್ಮ ಪುಣ್ಯ. ಕರಗಿದ ಬೆಳ್ಳಿ ಶಾಸನದಲ್ಲಿ, ಅಚ್ಚುಗಳು ನಾಣ್ಯಗಳಲ್ಲಿ. ಇವೆರಡನ್ನೂ ಮುಖಾಮುಖಿ ಮಾಡಿ ಫಿಲಿಪ್ ಕಿನ್ಸ್ 1983ರಲ್ಲಿ ಲೆಕ್ಕ ಹಾಕಿದಾಗ ಅಚ್ಚಿಗೆ ಹತ್ತಾರು ಸಾವಿರ ನಾಣ್ಯಗಳು ಎಂಬ ಗಾತ್ರ ದೊರೆಯಿತು. ಗ್ರೀಕ್ ಜಗತ್ತಿನಲ್ಲಿ ಹೀಗೆ ಎರಡೂ ತುದಿ ಸಿಗುವ ಉದಾಹರಣೆ ಇದರಷ್ಟು ಚೆನ್ನಾಗಿ ಇನ್ನೊಂದಿಲ್ಲ. ಒಂದೇ ಉದಾಹರಣೆಯನ್ನು ಇಡೀ ಗ್ರೀಕ್ ಲೋಕಕ್ಕೆ ಹೊದಿಸಬಹುದೇ? ಅದೇ ಪ್ರಶ್ನೆ. ಮಧ್ಯಯುಗದ ಇಂಗ್ಲೆಂಡಿನ ಕಮ್ಮಟದ ಕಡತಗಳು ಇನ್ನೂ ವಿವರವಾಗಿವೆ, ಆದರೆ ತೆಳುವಾದ ಪೆನ್ನಿ ಬೇರೆ, ದಪ್ಪ ಗ್ರೀಕ್ ನಾಣ್ಯ ಬೇರೆ. ಅಲ್ಲೂ ಸರಾಸರಿ ವರ್ಷದಿಂದ ವರ್ಷಕ್ಕೆ ಹುಯ್ದಾಡುತ್ತದೆ.

ಇವೆಲ್ಲವನ್ನೂ ತೂಗಿ ಬ್ರಸೆಲ್ಸಿನ ಫ್ರಾಂಸ್ವಾ ದ ಕಲಾತಾಯ್ ಮುಮ್ಮುಖ ಅಚ್ಚಿಗೆ 20,000 ಎಂಬ ದುಂಡನೆಯ ಸಂಖ್ಯೆಯನ್ನು ಬಳಕೆಗೆ ತಂದರು. ರೋಮನ್ ಗಣರಾಜ್ಯದ ನಾಣ್ಯಗಳಿಗೆ ಮೈಕೆಲ್ ಕ್ರಾಫರ್ಡ್ ಹಿಡಿದದ್ದು 30,000. ಇದನ್ನು ನೋಡಿ ಕೇಂಬ್ರಿಜ್‌ನ ಟೆಡ್ ಬಟ್ರೀ ಸಿಡಿದೆದ್ದರು. 1993 ಮತ್ತು 1994ರ ಎರಡು ಲೇಖನಗಳಲ್ಲಿ ಅವರ ವಾದ ನೇರವಾಗಿತ್ತು: ಈ ಲೆಕ್ಕ ಸಾಧ್ಯವೇ ಇಲ್ಲ. ಅಚ್ಚು ಸವೆಯುವವರೆಗೆ ಕೆಲಸ ನಡೆಯಿತು ಎಂದು ನಿಮಗೆ ಹೇಳಿದವರು ಯಾರು? ಬೆಳ್ಳಿ ಮುಗಿದರೆ, ಹಣದ ತುರ್ತು ತೀರಿದರೆ, ಹೊಸ ಅಚ್ಚು ಹಾಗೆಯೇ ಮೂಲೆ ಸೇರುತ್ತಿತ್ತಲ್ಲವೇ? 1995ರಲ್ಲಿ ದ ಕಲಾತಾಯ್ ಉತ್ತರಿಸಿದರು. ಒಂದೊಂದು ಅಚ್ಚಿನ ಕಥೆ ಏನೇ ಇರಲಿ, ಅಚ್ಚುಗಳು ನೂರಾರು ಆದಾಗ ಸರಾಸರಿಗೆ ಅರ್ಥವಿದೆ ಎಂಬ ಧಾಟಿಯಲ್ಲಿ.

ನಾನು ಈ ಇಬ್ಬರ ನಡುವೆ ಜಗಳಕ್ಕೊಂದು ಗಡಿ ಹಾಕುತ್ತೇನೆ. ಹತ್ತಾರು ವರ್ಷ ಎಡೆಬಿಡದೆ ನಡೆದ, ಅಚ್ಚುಗಳು ಐವತ್ತು ನೂರು ದಾಟಿದ ಕಮ್ಮಟಕ್ಕೆ ದ ಕಲಾತಾಯ್ ದಾರಿ ಹಿಡಿಯಬಹುದು, ಆದರೆ 10,000ದಿಂದ 30,000ದವರೆಗಿನ ಪಟ್ಟೆಯನ್ನು ಪೂರ್ತಿಯಾಗಿ ತೋರಿಸಿ. ಒಂದೆರಡು ಅಚ್ಚುಗಳ ಪುಟ್ಟ ನಾಣ್ಯ ಸರಣಿಗೆ ಬಟ್ರೀ ಹೇಳಿದ್ದೇ ಸರಿ. ಸಿಸಿಲಿಯ ಏಟ್ನಾ ನಗರದ ಪ್ರಸಿದ್ಧ ನಾಲ್ಕು ಡ್ರಾಕ್ಮಾ ನಾಣ್ಯ ಜಗತ್ತಿನಲ್ಲಿ ಒಂದೇ ಒಂದು ಇದೆ, ಬ್ರಸೆಲ್ಸಿನಲ್ಲಿ. ಅದನ್ನು 20,000ದಿಂದ ಗುಣಿಸುವುದು ತಮಾಷೆಯಾಗುತ್ತದೆ.

ಪಟ್ಟೆಯ ಅಗಲ ಎಷ್ಟೆಂದು ನೋಡಬೇಕಾದರೆ ನಮ್ಮ ಮೊದಲ ಪಟ್ಟಿಗೇ ಮರಳಿ, ಅದು ಅಥೆನ್ಸಿನ ತೂಕದ ನಾಲ್ಕು ಡ್ರಾಕ್ಮಾ ನಾಣ್ಯಗಳದ್ದು ಎಂದುಕೊಳ್ಳೋಣ. ಒಂದು ನಾಣ್ಯ 17.2 ಗ್ರಾಂ, 1,500 ನಾಣ್ಯ ಸೇರಿದರೆ ಒಂದು ಟ್ಯಾಲೆಂಟ್. 42 ಅಚ್ಚು, ತಲಾ 10,000 ಎಂದರೆ 4,20,000 ನಾಣ್ಯ, 280 ಟ್ಯಾಲೆಂಟ್, ಏಳು ಟನ್ ಬೆಳ್ಳಿ. 60 ಅಚ್ಚು, ತಲಾ 30,000 ಎಂದರೆ 18 ಲಕ್ಷ ನಾಣ್ಯ, 1,200 ಟ್ಯಾಲೆಂಟ್, ಮೂವತ್ತೊಂದು ಟನ್. ನಾಲ್ಕು ಪಟ್ಟನ್ನೂ ಮೀರಿದ ಈ ಅಂತರದಲ್ಲಿ ಸೂತ್ರಗಳ ಪಾಲು ಒಂದೂವರೆ ಪಟ್ಟೂ ಇಲ್ಲ. ಮೂರು ಪಟ್ಟು ಬಂದದ್ದು ಅಚ್ಚಿಗೆ ಇಷ್ಟು ನಾಣ್ಯ ಎಂಬ ಗುಣಕದಿಂದ. ಸೂತ್ರಗಳ ಬಗ್ಗೆ ನನಗೆ ತಲೆಬಿಸಿ ಇಲ್ಲದಿರುವುದಕ್ಕೆ ಕಾರಣ ಇದು.

ಗುಣಿಸದೆ ನಿಲ್ಲುವ ಆಯ್ಕೆ

ಅಚ್ಚುಗಳಲ್ಲೇ ನಿಂತು ಹೋಲಿಸುವುದು ಅನೇಕ ಪ್ರಶ್ನೆಗಳಿಗೆ ಸಾಕಾಗುತ್ತದೆ. ಒಂದೇ ಕಮ್ಮಟ, ಒಂದೇ ಮುಖಬೆಲೆ, ಒಂದೇ ತಂತ್ರ ಇದ್ದಲ್ಲಿ, ಯುದ್ಧದ ವರ್ಷ ಅಚ್ಚುಗಳು ನಾಲ್ಕು ಪಟ್ಟಾದವು ಎಂಬ ಮಾತಿಗೆ ಗುಣಕದ ಹಂಗಿಲ್ಲ. ಅಥೆನ್ಸಿನ ‘ಹೊಸ ಶೈಲಿ’ಯ ನಾಣ್ಯಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಅವುಗಳಲ್ಲಿ ಅಧಿಕಾರಿಗಳ ಹೆಸರಿದೆ. ಗೂಬೆ ಕೂತಿರುವ ಆಂಫೊರಾ ಜಾಡಿಯ ಮೇಲೆ ತಿಂಗಳನ್ನು ಸೂಚಿಸುವ ಅಕ್ಷರವೂ ಇದೆ, ಅಧಿಕಮಾಸ ಬಂದ ವರ್ಷದಲ್ಲಿ ಹದಿಮೂರನೆಯದೂ. ಮಾರ್ಗರೆಟ್ ಥಾಂಪ್ಸನ್ 1961ರಲ್ಲಿ ಈ ಸರಣಿಯ ಅಚ್ಚುಗಳನ್ನು ವರ್ಷವಾರು ಜೋಡಿಸಿದರು. ಸರಣಿ ಆರಂಭವಾದದ್ದು ಅವರು ಹೇಳಿದಂತೆ ಕ್ರಿ.ಪೂ. 196ರ ಆಸುಪಾಸಿನಲ್ಲೋ, ಅಥವಾ ಡೇವಿಡ್ ಲೂಯಿಸ್ ವಾದಿಸಿದಂತೆ ಸುಮಾರು 30 ವರ್ಷ ತಡವಾಗಿಯೋ ಎಂಬ ಚರ್ಚೆಯಲ್ಲಿ ತಡವಾದ ಕಾಲವೇ ಗೆದ್ದಿತು. ಆದರೂ ಯಾವ ತಿಂಗಳಲ್ಲಿ ಸುತ್ತಿಗೆಯ ಸದ್ದು ಜೋರಾಗಿತ್ತು ಎಂಬ ಲೆಕ್ಕಕ್ಕೆ ಇದರಿಂದ ಧಕ್ಕೆಯಾಗಲಿಲ್ಲ.

ಮುಖಬೆಲೆ ಬೇರೆಯಾದರೆ ಮಾತ್ರ ಈ ಹೋಲಿಕೆ ಕೈಕೊಡುತ್ತದೆ. ಮುಕ್ಕಾಲು ಗ್ರಾಂ ತೂಗದ ಒಬೋಲ್ ಎಂಬ ಪುಟ್ಟ ನಾಣ್ಯಕ್ಕೆ ಬೀಳುವ ಏಟು ಒಂದು, 43 ಗ್ರಾಂನ ಹತ್ತು ಡ್ರಾಕ್ಮಾಕ್ಕೆ ಬೀಳುವ ಏಟು ಇನ್ನೊಂದು. ಅಲೆಕ್ಸಾಂಡರನ ಹೆಸರಿನ ನಾಣ್ಯಗಳನ್ನು ಎತ್ತಿಕೊಂಡವರು ಮೊದಲು ಕಮ್ಮಟವಾರು ಬೇರ್ಪಡಿಸಬೇಕು. ಅವನು ಸತ್ತು ಎಷ್ಟೋ ಕಾಲವಾದ ಮೇಲೂ ಹತ್ತಾರು ನಗರಗಳು ಅವನ್ನು ಹೊಡೆಯುತ್ತಲೇ ಇದ್ದವು. ಬೆಳ್ಳಿಯ ಅದಿರು ಕರಗಿಸುವಾಗ ಗಾಳಿಗೆ ಸೇರಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಉಳಿದ ಸೀಸದ ಅಂಶದಿಂದ ಬೆಳ್ಳಿ ಗಣಿಗಾರಿಕೆಯನ್ನು ಅಳೆಯುವ ದಾರಿಯೂ 1994ರಿಂದ ಚಾಲ್ತಿಯಲ್ಲಿದೆ. ಅದು ಖಂಡದ ಮಾತು ಹೇಳುತ್ತದೆ, ಒಂದು ಊರಿನ ಕಮ್ಮಟದ್ದಲ್ಲ.

ಇನ್ನು ಎಲ್ಲರೂ ಮೊದಲು ಕೇಳುವ ನಾಣ್ಯ: ಕ್ರಿ.ಪೂ. 5ನೆಯ ಶತಮಾನದ ದ್ವಿತೀಯಾರ್ಧದ ಅಥೆನ್ಸಿನ ‘ಗೂಬೆ’, ಅಂದರೆ ಗೂಬೆಯ ಚಿತ್ರವಿರುವ ನಾಲ್ಕು ಡ್ರಾಕ್ಮಾ ನಾಣ್ಯ. ಅಥೆನ್ಸಿನ ನಾಯಕ ಪೆರಿಕ್ಲಿಸ್‌ನ ಕಾಲಕ್ಕೆ ಮಿತ್ರನಗರಗಳಿಂದ ವರ್ಷಕ್ಕೆ 600 ಟ್ಯಾಲೆಂಟ್ ಬರುತ್ತಿತ್ತು ಎಂದು ಇತಿಹಾಸಕಾರ ಥ್ಯೂಸಿಡಿಡೀಸ್ ಬರೆದಿದ್ದಾನೆ. ಅಷ್ಟನ್ನೂ ಗೂಬೆಗಳಾಗಿ ಹೊಡೆದರೆ 9 ಲಕ್ಷ ನಾಣ್ಯ, 20,000ದ ಲೆಕ್ಕದಲ್ಲಿ ವರ್ಷಕ್ಕೆ 45 ಮುಮ್ಮುಖ ಅಚ್ಚು. ಇನ್ನೂರು ಜನರ ಒಂದು ಯುದ್ಧನೌಕೆಗೆ ದಿನಕ್ಕೆ ತಲಾ ಒಂದು ಡ್ರಾಕ್ಮಾದಂತೆ ತಿಂಗಳಿಗೆ ಒಂದು ಟ್ಯಾಲೆಂಟ್ ಸಂಬಳ. ಒಂದು ಅಚ್ಚು ಹದಿಮೂರು ನೌಕೆಗಳನ್ನು ಒಂದು ತಿಂಗಳು ಸಾಕುತ್ತಿತ್ತು. ಅಚ್ಚುಗಳು ಎಷ್ಟೊಂದು ಇದ್ದವೆಂದರೆ ಹರಾಜುಗಳಿಂದ ಮೂವತ್ತು ಗೂಬೆಗಳನ್ನು ಕೂಡಿಸಿದರೆ ಮೂವತ್ತೂ ಬೇರೆ ಬೇರೆ ಅಚ್ಚಿನವಾಗುವುದೇ ಹೆಚ್ಚು. ಆಗ ವ್ಯಾಪ್ತಿ ಸೊನ್ನೆ, 2011ರ ಸೂತ್ರದಲ್ಲಿ ಭಾಗಿಸಬೇಕಾದ ಸಂಖ್ಯೆಯೂ ಸೊನ್ನೆ. ಹೇಳಬಹುದಾದದ್ದು ಇಷ್ಟು: ಎಲ್ಲ ಅಚ್ಚುಗಳೂ ಸಮ ಎಂದುಕೊಂಡರೆ, ಒಟ್ಟು 150ಕ್ಕಿಂತ ಕಡಿಮೆ ಅಚ್ಚುಗಳಿದ್ದಿದ್ದರೆ ಮೂವತ್ತರಲ್ಲಿ ಒಂದು ಜೋಡಿಯೂ ಸಿಗದಿರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. 150 ಅಚ್ಚು ಎಂದರೆ 2,000 ಟ್ಯಾಲೆಂಟ್, ಕೆಳಗಿನ ಮಿತಿ. ಮೇಲಿನ ಮಿತಿಯ ಬಗ್ಗೆ ಆ ಮೂವತ್ತು ಗೂಬೆಗಳು ಏನನ್ನೂ ಹೇಳುವುದಿಲ್ಲ.